ಎಂಟು ದಿನ ಹಳೇವೂ ಇರಲಿ

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ನಾನು ಬಹಳ ವರ್ಷ ಆಟೋಟದ ಮೇಷ್ಟ್ರಾಗಿದ್ದೆ. ಹುಡುಗರು ಎದುರಿಗೆ ಪಿ.ಡಿ. ಸಾರ್ ಅನ್ನುತ್ತಿದ್ದರು. ಬೆನ್ನ ಹಿಂದೆ ಏನನ್ನುತ್ತಿದ್ದರು ಅನ್ನುವುದೂ ನನಗೆ ಗೊತ್ತಿತ್ತು, ಅದು ಇಲ್ಲಿ ಬರೆಯುವಂಥದ್ದಲ್ಲ. ಕೋಪ ನನಗೆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಫುಟ್‌ಬಾಲ್ ಆಡುವ ಹುಡುಗ ಐದು ನಿಮಿಷ ತಡವಾಗಿ ಬಂದರೆ ಮೈದಾನಕ್ಕೆ ಹತ್ತು ಸುತ್ತು ಓಡಿಸುತ್ತಿದ್ದೆ, ಯಾಕೆ ತಡವಾಯಿತು ಅಂತ ಕೇಳುತ್ತಿರಲಿಲ್ಲ. ಇಂಥವನ ಹತ್ತಿರ ಯಾರು ಬಂದು ಕೂರುತ್ತಾರೆ? ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಸಾಮಾನ್ಯವಾಗಿ ಖಾಲಿ ಇರುತ್ತಿತ್ತು.

ಮದುವೆ ಆಗಿರಲಿಲ್ಲ. ಊರು ಹೊಸದುರ್ಗ, ಅಲ್ಲಿ ಅಣ್ಣನ ಸಂಸಾರ. ಹಬ್ಬಕ್ಕೆ ಹೋದರೆ ಅತ್ತಿಗೆ ನೆಂಟರಿಗೆ ಹಾಕುವ ಹಾಗೆ ಮಣೆ ಹಾಕಿ, ಎರಡು ಸಲ ಕೇಳಿ ಬಡಿಸುತ್ತಿದ್ದರು. ಮನೆಯವರಿಗೆ ಯಾರೂ ಎರಡು ಸಲ ಕೇಳುವುದಿಲ್ಲ. ದುರ್ಗದಲ್ಲಿ ಕೋಟೆಯ ಬುಡದ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ, ಊಟಕ್ಕೆ ಖಾನಾವಳಿ. ವಾರದ ಆರು ದಿನ ಹೇಗೋ ಕಳೆಯುತ್ತಿತ್ತು, ಭಾನುವಾರ ಮಾತ್ರ ಬೆಳಗಾದರೆ ಎದೆ ಭಾರವಾಗುತ್ತಿತ್ತು. ಬಟ್ಟೆ ಒಗೆದು ಹಾಕಿದ ಮೇಲೆ ಮಾಡಲು ಏನೂ ಇಲ್ಲ. ಬಸ್ ಸ್ಟ್ಯಾಂಡಿಗೆ ಹೋಗಿ ಕಲ್ಲು ಬೆಂಚಿನ ಮೇಲೆ ಕೂರುತ್ತಿದ್ದೆ. ಹಿರಿಯೂರಿನ ಬಸ್ಸು ಬರುತ್ತಿತ್ತು, ಹೊಳಲ್ಕೆರೆಯ ಬಸ್ಸು ಬರುತ್ತಿತ್ತು, ಜನ ಇಳಿದು ತಮ್ಮವರನ್ನು ಹುಡುಕಿಕೊಂಡು ಹೋಗುತ್ತಿದ್ದರು. ನಾನು ಯಾರಿಗೋ ಕಾಯುತ್ತಿರುವವನ ಹಾಗೆ ಒಂದೆರಡು ಸಲ ಗಡಿಯಾರ ನೋಡಿಕೊಂಡು ಎದ್ದು ಬರುತ್ತಿದ್ದೆ.

ಇಷ್ಟು ಹೇಳಿದ್ದು ಯಾಕೆಂದರೆ, ಆ ಕಾಲದಲ್ಲಿ ನನ್ನನ್ನು ನೋಡಿ 'ಬರ್ರಿ' ಅನ್ನುತ್ತಿದ್ದವರು ಒಬ್ಬರೇ ಒಬ್ಬರು. ಅವರು ನಮ್ಮ ಕಾಲೇಜಿನ ವೆಯ್ಟ್ ರೂಮನ್ನು ನೋಡಿಕೊಳ್ಳುತ್ತಿದ್ದ ಅಜ್ಜ.

ವೆಯ್ಟ್ ರೂಮು ಅಂದರೆ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಮೈದಾನದ ಹಿಂದಿನ ಹಳೇ ಉಗ್ರಾಣ, ನೆಲಕ್ಕೆ ಕಲ್ಲು ಚಪ್ಪಡಿ, ಒಂದು ಕಿಟಕಿ. ಎರಡು ಬೆಂಚು, ಮೂರು ರಾಡು, ಗೋಡೆಗೆ ಒರಗಿಸಿಟ್ಟ ಎರಕದ ಕಬ್ಬಿಣದ ಪ್ಲೇಟುಗಳು. ಫುಟ್‌ಬಾಲ್ ತಂಡದ ಹುಡುಗರು ಬೆಳಿಗ್ಗೆ ಆರಕ್ಕೆ ಅಲ್ಲಿ ಭಾರ ಎತ್ತಿ ಆಮೇಲೆ ಮೈದಾನಕ್ಕಿಳಿಯಬೇಕು, ಅದು ನನ್ನ ಕಟ್ಟುನಿಟ್ಟು.

ಅಜ್ಜ ಮದಕರಿಪುರದವರು, ಕುರಿ ಸಾಕುವ ಮನೆತನ. ವಯಸ್ಸಿನಲ್ಲಿ ದುರ್ಗದ ಗರಡಿಯಲ್ಲಿ ಕುಸ್ತಿ ಮಾಡಿದ ಮೈ, ಕಿವಿ ಎರಡೂ ಜಜ್ಜಿ ಮುದ್ದೆಯಾಗಿದ್ದವು. ನಾನು ಕೆಲಸಕ್ಕೆ ಸೇರುವ ಮೊದಲೇ ಅವರು ಆ ಕೋಣೆಯಲ್ಲಿದ್ದರು. ಕಾಯಂ ನೌಕರಿಯಲ್ಲ, ಪ್ರಿನ್ಸಿಪಾಲರು ಬೇಡ ಅಂದ ದಿನ ಎದ್ದು ಹೋಗಬೇಕಾದ ಕೆಲಸ. ಆದರೆ ಒಳಗೆ ಅವರದೇ ಕಾನೂನು. ಗರಡಿಯ ಹಾಗೆ ಹೊಸಿಲಿನ ಆಚೆ ಚಪ್ಪಲಿ ಬಿಡಬೇಕು, ನಾನೂ ಬಿಡಬೇಕು. ಪ್ಲೇಟನ್ನು ಕಾಲಲ್ಲಿ ತಳ್ಳಬಾರದು. ಮುಖ್ಯವಾಗಿ, ರಾಡಿಗೆ ಪ್ಲೇಟು ಹಾಕುವುದು ತೆಗೆಯುವುದು ಅವರ ಕೈಯಿಂದಲೇ ಆಗಬೇಕು. ಹುಡುಗರು "ಅಜ್ಜ, ಐವತ್ತು" ಅನ್ನಬೇಕು, ಅಜ್ಜ ಐವತ್ತು ಮಾಡಿಕೊಡಬೇಕು. ಬೇರೆ ಯಾರಾದರೂ ಕೈ ಹಾಕಿದರೆ, "ಲೇ, ಬಿಡಲೇ ಅದನ್ನ. ಜೋಡಿ ತಪ್ತೈತೆ" ಅನ್ನುತ್ತಿದ್ದರು.

ಆ ಪ್ಲೇಟುಗಳ ಸ್ಥಿತಿಯನ್ನು ಹೇಳಬೇಕು. ಕಲ್ಲು ನೆಲಕ್ಕೆ ಬಿದ್ದೂ ಬಿದ್ದೂ ಅಂಚು ಚೂರಾಗಿದ್ದವು. ನಡುವಿನ ತೂತು ಸವೆದು ಅಗಲವಾಗಿ ರಾಡಿನ ಮೇಲೆ ಲೊಡಲೊಡ ಅನ್ನುತ್ತಿದ್ದವು. ಮೇಲಿನ ಅಂಕಿಗಳು ಅರ್ಧಕ್ಕರ್ಧ ಮಾಸಿದ್ದವು. ಒಂದಕ್ಕೆ ಉಗುರಿನಷ್ಟು ಗುಳಿ, ಇನ್ನೊಂದರ ಮೈಮೇಲೆ ಎರಕದ ಗೆರೆ ಎದ್ದು ನಿಂತಿತ್ತು. ಅಜ್ಜ ಮಾತ್ರ ಗೋಡೆಯತ್ತ ಕೈ ಚಾಚಿ, ಅಂಚು ಸವರಿ, ಬೆರಳ ಗೆಣ್ಣಿನಿಂದ ಟಣ್ ಅಂತ ಒಮ್ಮೆ ಬಡಿದು ತಟ್ಟನೆ ಎತ್ತಿಕೊಳ್ಳುತ್ತಿದ್ದರು. ಅದೂ ಗರಡಿಯ ಶಾಸ್ತ್ರ ಇರಬೇಕು ಅಂದುಕೊಂಡಿದ್ದೆ. ಒಂದು ಸಲ ಆಯುಧಪೂಜೆಗೆ ಎಲ್ಲಕ್ಕೂ ಕಪ್ಪು ಬಣ್ಣ ಹೊಡೆಸೋಣ ಅಂದೆ. ಅಜ್ಜ ಬಿಲ್‌ಕುಲ್ ಒಪ್ಪಲಿಲ್ಲ.

"ಬಣ್ಣ ಬ್ಯಾಡ ಸಾರ್. ಗುರುತು ಮುಚ್ಚೋಗ್ತಾವೆ."

"ಗುರುತು ಯಾಕ್ರಿ, ಅಂಕಿ ಬರೆಸ್ತೀನಲ್ಲ?"

"ಅಂಕಿ ನಂಗ್ಯಾಕೆ ಸಾರ್. ನಮ್ ಮಂದೇಲಿ ಇನ್ನೂರು ಕುರಿ ಇದ್ವು. ಕತ್ಲಲ್ಲಿ ಯಾರ ಮರಿ ಯಾವ್ದು ಅಂತ ಹೆಂಗ್ ಹೇಳ್ತಿದ್ವಿ ಗೊತ್ತಾ? ಕಿವಿ ಸವರಿ. ನಮ್ಮವಕ್ಕೆ ಬಲಗಿವೀಲಿ ಎರಡು ಕಚ್ಚು, ದೊಡ್ಡಪ್ಪನವಕ್ಕೆ ಒಂದು." ಹಾಗಂದು ಅರಿಶಿನ ಕುಂಕುಮ ಮಾತ್ರ ಹಚ್ಚಿ ಮುಗಿಸಿದರು. ನಾನು ಹಠಮಾರಿ ಮುದುಕ ಅಂತ ಸುಮ್ಮನಾದೆ.

ನನ್ನ ಬೆಳಗಿನ ಸುಖ ಒಂದೇ ಇತ್ತು. ಕೋಣೆಯಿಂದ ಹೊರಟು ಕಾಲೇಜಿನ ಹಿಂಬದಿಯ ಕಲ್ಲು ಹಾಸಿನ ದಾರಿಯಲ್ಲಿ ಬರುತ್ತಿದ್ದೆ. ಕಾಲಲ್ಲಿ ಹಿಮ್ಮಡಿಗೆ ಲಾಳ ಹೊಡೆಸಿದ ಹಳೇ ತೊಗಲಿನ ಚಪ್ಪಲಿ. ಬಾಗಿಲು ಇನ್ನೂ ಇಪ್ಪತ್ತು ಹೆಜ್ಜೆ ಇರುವಾಗಲೇ ಒಳಗಿನಿಂದ ದನಿ ಬರುತ್ತಿತ್ತು: "ಬರ್ರಿ ಸಾರ್, ಕುಂತ್ಕಳ್ರಿ." ಅಜ್ಜ ಕಿಟಕಿಯಿಂದ ನನ್ನ ದಾರಿ ನೋಡುತ್ತಿದ್ದಾರೆ ಅಂತ ನಾನು ತಿಳಿದಿದ್ದೆ. ಮಳೆಗಾಲದ ಮಬ್ಬಿನಲ್ಲೂ ಅದು ತಪ್ಪುತ್ತಿರಲಿಲ್ಲ. ಇಷ್ಟು ದೊಡ್ಡ ಊರಿನಲ್ಲಿ ಒಬ್ಬರಾದರೂ ನನ್ನನ್ನು ಕಾಯುತ್ತಾರಲ್ಲ ಅಂತ ಅನ್ನಿಸುತ್ತಿತ್ತು, ಆ ಅನ್ನಿಸಿಕೆಯ ಮೇಲೆಯೇ ನಾನು ಆರು ವರ್ಷ ಬದುಕಿದೆ. ಹುಡುಗರು ಬರುವ ಮುಂಚೆ ಅರ್ಧ ಗಂಟೆ ಇಬ್ಬರೂ ಕೂರುತ್ತಿದ್ದೆವು. ನಾನು ಪೇಪರು ಓದಿ ಹೇಳುತ್ತಿದ್ದೆ, ಅವರು ಕುರಿಯ ಮಾತು, ಕುಸ್ತಿಯ ಮಾತು ಹೇಳುತ್ತಿದ್ದರು. ಅವರಿಗೆ ಓದಲು ಬರುವುದಿಲ್ಲ ಅಂದುಕೊಂಡಿದ್ದೆ.

ಒಂದು ವರ್ಷ ನಮ್ಮ ತಂಡ ಪಂದ್ಯಾವಳಿಯಲ್ಲಿ ಮೊದಲ ಆಟಕ್ಕೇ ಸೋತು ಬಂತು. ಯಾರ ಮೇಲಾದರೂ ಸಿಟ್ಟು ತೀರಿಸಿಕೊಳ್ಳಬೇಕಿತ್ತು, ಪ್ಲೇಟುಗಳು ಸಿಕ್ಕವು. ನಾಲ್ಕು ಪ್ಲೇಟನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಕಡಲೆಕಾಯಿ ಮಿಲ್ಲಿನ ತಕ್ಕಡಿಗೆ ಒಯ್ದೆ. ಇಪ್ಪತ್ತು ಅಂತ ಅಂಕಿ ಇದ್ದ ಎರಡು ಹದಿನೆಂಟೂವರೆ ತೂಗಿದವು, ಇನ್ನೆರಡು ಹತ್ತೊಂಬತ್ತು. ಚೀಟಿಯಲ್ಲಿ ಬರೆದುಕೊಂಡು ಪ್ರಿನ್ಸಿಪಾಲರಿಗೆ ತೋರಿಸಿ ಕುಣಿದಾಡಿದೆ. ಸುಳ್ಳು ತೂಕ ಎತ್ತಿ ಹುಡುಗರು ಬಲ ಬಂತು ಅಂದುಕೊಂಡಿದ್ದಾರೆ, ಎಲ್ಲವನ್ನೂ ಬದಲಾಯಿಸಲೇಬೇಕು ಅಂದೆ. ನನ್ನ ಬಾಯಿಗೆ ಹೆದರಿಯೋ ಏನೋ ಒಪ್ಪಿದರು.

ಹೊಸ ಪ್ಲೇಟುಗಳು ಲಾರಿಯಲ್ಲಿ ಬಂದ ದಿನ ನನಗೆ ಹಬ್ಬ. ಕಪ್ಪಗೆ ಹೊಳೆಯುವ ಮೈ, ಒಂದೇ ಅಚ್ಚಿನ ಅಂಚು, ಬಿಳಿಯ ಅಂಕಿ. ಹತ್ತು ಕೆಜಿಯದೂ ಹನ್ನೆರಡೂವರೆಯದೂ ಅಗಲದಲ್ಲಿ ಒಂದೇ, ದಪ್ಪದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ. ಅಜ್ಜ ಒಂದೊಂದನ್ನೇ ಸವರಿ ನೋಡಿದರು. ಗೆಣ್ಣಿನಿಂದ ಬಡಿದರು. ಎಲ್ಲವೂ ಒಂದೇ ಥರ ಅಂದವು.

"ಚೆನ್ನಾಗವೆ ಸಾರ್," ಅಂದರು. ಇನ್ನೊಂದು ಸಲ ಅಂಚು ಸವರಿ, "ಎಂಟು ದಿನ ಹಳೇವೂ ಇರಲಿ, ಹೊಸವೂ ಇರಲಿ. ನಿಧಾನಕ್ಕೆ ಹಳೇವು ಕಳಿಸಾಣ."

"ಯಾಕ್ರಿ ಎಂಟು ದಿನ? ಆ ತುಕ್ಕು ಹಿಡಿದ ಕಬ್ಬಿಣಕ್ಕೆ ಹಾಲು ತುಪ್ಪ ಬಿಡ್ಬೇಕಾ?"

"ಹಂಗಲ್ಲ ಸಾರ್. ಕೈಗೆ ಕೂಡಿಬರ್ಬೇಕು."

ನನಗೆ ರೇಗಿತು. ಹಳೇದು ಅಂದರೆ ಜೀವ ಬಿಡುವ ಜನ ಅಂತ ಗೊಣಗಿ, ಬಂದ ಲಾರಿಗೇ ಹಳೇ ಪ್ಲೇಟುಗಳನ್ನೆಲ್ಲ ಹಾಕಿಸಿ ಗುಜರಿಗೆ ಕಳಿಸಿಬಿಟ್ಟೆ. ಅಜ್ಜ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ಕಬ್ಬಿಣ ಬೀಳುವ ಸದ್ದು ನಿಲ್ಲುವ ತನಕ ನಿಂತಿದ್ದು ಒಳಗೆ ಹೋದರು.

ಅದು ಆಗಿದ್ದು ನಾಲ್ಕನೇ ದಿನ. ಮುಂದಿನ ಪಂದ್ಯಾವಳಿ ಹತ್ತಿರ ಬಂದಿತ್ತು, ನಾನು ಹುಡುಗರನ್ನು ಬೆನ್ನು ಹತ್ತಿ ಓಡಿಸುತ್ತಿದ್ದೆ. ಎಲ್ಲರೂ ಒಟ್ಟಿಗೆ "ಅಜ್ಜ, ಅರವತ್ತು, ಅಜ್ಜ, ನಲವತ್ತೈದು" ಅಂತ ಕೂಗುತ್ತಿದ್ದರು. ಬೆಂಚಿನ ಮೇಲೆ ಮಲಗಿದ್ದವನು ನಮ್ಮ ಗೋಲ್‌ಕೀಪರ್. ಅಜ್ಜ ಅವನ ರಾಡಿಗೆ ಒಂದು ಕಡೆ ಎರಡು ಹತ್ತು, ಇನ್ನೊಂದು ಕಡೆ ಎರಡು ಹನ್ನೆರಡೂವರೆ ಹಾಕಿದ್ದರು. ಅಂಕಿ ಗೋಡೆಯ ಕಡೆಗಿತ್ತು, ಯಾರೂ ನೋಡಲಿಲ್ಲ. ಹುಡುಗ ಆರು ಸಲ ಎತ್ತಿದ, ಏಳನೆಯದಕ್ಕೆ ತೋಳು ಸೋತು ರಾಡು ಒಂದು ಕಡೆಗೆ ವಾಲಿತು. ಸ್ಟ್ಯಾಂಡಿಗೂ ರಾಡಿಗೂ ನಡುವೆ ಅವನ ಬಲಗೈಯ ಎರಡು ಬೆರಳು ಸಿಕ್ಕಿಕೊಂಡವು. ಆ ಕೂಗು ಇವತ್ತಿಗೂ ಕಿವಿಯಲ್ಲಿದೆ.

ಅವನನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ನಾನು ಪ್ಲೇಟುಗಳನ್ನು ತಿರುಗಿಸಿ ನೋಡಿದೆ. ನೆತ್ತಿಗೆ ರಕ್ತ ಏರಿತು. ಇಡೀ ತಂಡದ ಎದುರಿಗೆ, "ಏನ್ರಿ ಇದು? ಏನು ನೋಡಿ ಹಾಕಿದ್ರಿ ಇದನ್ನ?" ಅಂತ ಅರಚಿದೆ.

ಅಜ್ಜ ನನ್ನ ಮುಖದಿಂದ ಒಂದು ಗೇಣು ಆಚೆಗೆ ನೋಡುತ್ತಾ ಹೇಳಿದರು: "ನೋಡಿ ಹಾಕಿಲ್ಲ ಸಾರ್. ನಂಗೆ ಕಾಣ್ದೆ ಮೂರು ವರ್ಷ ಆತು. ಬೆಳಕು ನೆರಳು ಬಿಟ್ರೆ ಏನೂ ಇಲ್ಲ."

ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ್ದರಂತೆ, ನರ ಒಣಗಿದೆ, ಮತ್ತೆ ಬರುವುದಿಲ್ಲ ಅಂದಿದ್ದರಂತೆ. ಬಸ್ಸಿನ ಕಂಡಕ್ಟರ್ ಗೇಟಿನ ಹತ್ತಿರ ಇಳಿಸಿದರೆ ಗೋಡೆ ಹಿಡಿದು ಬರುತ್ತಿದ್ದರಂತೆ. ಮೂರು ವರ್ಷ ದಿನಾ ಬೆಳಿಗ್ಗೆ ಅರ್ಧ ಗಂಟೆ ನಾನು ಆ ಮುಖದ ಎದುರಿಗೆ ಕೂತಿದ್ದೆ. ನನಗೆ ತಿಳಿದಿರಲಿಲ್ಲ. ನನಗೆ ಜನ ಇಲ್ಲ ಅಂತ ನಾನು ಕೊರಗುತ್ತಿದ್ದೆನಲ್ಲ, ಇದ್ದ ಒಬ್ಬರ ಕಡೆಗೂ ನಾನು ಸರಿಯಾಗಿ ನೋಡಿರಲಿಲ್ಲ.

ಪ್ರಿನ್ಸಿಪಾಲರು ಕರೆಸಿದರು. ನಾನು, "ಆತನಿಗೆ ಕಣ್ಣು ಕಾಣೋದಿಲ್ಲವಂತೆ ಸರ್. ನನಗೂ ಗೊತ್ತಿರಲಿಲ್ಲ" ಅಂದೆ. ಅಂದಿದ್ದು ನಿಜವೇ. ಆದರೆ ಎಂಟು ದಿನ ಹಳೇವೂ ಇರಲಿ ಅಂತ ಅವರು ಕೇಳಿದ್ದನ್ನು ನಾನು ಹೇಳಲಿಲ್ಲ. ಒಂದು ಮಾತು ನುಂಗಿದ್ದಕ್ಕೆ ನನ್ನ ಕೆಲಸಕ್ಕೆ ಏನೂ ಆಗಲಿಲ್ಲ, ಅಜ್ಜನನ್ನು ಮಾರನೇ ದಿನದಿಂದ ಬರಬೇಡಿ ಅಂದರು. ಅವರು ಹೊಸಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಹೋದರಂತೆ. ನಾನು ಆ ಹೊತ್ತಿಗೆ ಬೇಕೆಂದೇ ಮೈದಾನದ ಇನ್ನೊಂದು ತುದಿಯಲ್ಲಿದ್ದೆ.

ಮರುದಿನ ಬೆಳಿಗ್ಗೆ ಕಲ್ಲು ಹಾಸಿನ ಮೇಲೆ ಎಂದಿನಂತೆ ಬಂದೆ. ಬಾಗಿಲ ತನಕ ಬಂದರೂ ದನಿ ಇಲ್ಲ. ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಆಗ ಮೊದಲ ಸಲ ಕಿಟಕಿಯ ಕಡೆ ಸರಿಯಾಗಿ ನೋಡಿದೆ. ಅದು ಇರುವುದು ಮೈದಾನದ ಕಡೆಗೆ, ನಾನು ಬರುವ ದಾರಿ ಅಲ್ಲಿಂದ ಕಾಣುವುದೇ ಇಲ್ಲ. ಕಣ್ಣಿದ್ದವರಿಗೂ ಕಾಣುವುದಿಲ್ಲ. ಅವರು ಇಷ್ಟು ದಿನ ನನ್ನ ಲಾಳದ ಸದ್ದಿಗೆ ಕಿವಿಗೊಟ್ಟು ಕೂತಿರುತ್ತಿದ್ದರು. ನಾನು ಅತ್ತೆ, ಇದನ್ನು ಬರೆಯಲು ಈಗ ನಾಚಿಕೆ ಇಲ್ಲ.

ನನ್ನ ಪಾಕೀಟಿನಲ್ಲಿ ಮಿಲ್ಲಿನ ಚೀಟಿ ಇನ್ನೂ ಇತ್ತು. ಹದಿನೆಂಟೂವರೆ ಎರಡು, ಹತ್ತೊಂಬತ್ತು ಎರಡು. ಅಜ್ಜ ಸವೆದದ್ದಕ್ಕೆ ಅಷ್ಟೇ ಸವೆದದ್ದನ್ನು ಹುಡುಕಿ ಜೋಡಿ ಮಾಡಿ ಇಟ್ಟಿದ್ದರು. ಅವರ ಕೈಯಲ್ಲಿ ಒಂದು ರಾಡೂ ಒಂದು ಕಡೆಗೆ ವಾಲಿರಲಿಲ್ಲ. ಅಂಕಿ ಸುಳ್ಳಾಗಿತ್ತು, ಜೋಡಿ ಸರಿಯಾಗಿತ್ತು. ನಾನು ಚೀಟಿಯಲ್ಲಿ ಅಂಕಿ ಮಾತ್ರ ಓದಿದ್ದೆ.

ಆ ವಾರವೆಲ್ಲ ಕಬ್ಬಿಣ ಉಜ್ಜುವ ಮೂರು ಮೂಲೆಯ ಅರ ಒಂದನ್ನು ತಂದು ಹೊಸ ಪ್ಲೇಟುಗಳ ಅಂಚಿಗೆ ಕಚ್ಚು ಹಾಕಿದೆ. ಐದಕ್ಕೆ ಒಂದು, ಹತ್ತಕ್ಕೆ ಎರಡು, ಹನ್ನೆರಡೂವರೆಗೆ ಎರಡು ಉದ್ದ ಒಂದು ಗಿಡ್ಡ. ಅಂಗೈ ಬೊಬ್ಬೆ ಬಂತು. ಅದೇ ವಾರ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತು ಹೋಯಿತು, ಎಸೆದುಬಿಟ್ಟೆ. ಭಾನುವಾರ ಹೊಸ ಕ್ಯಾನ್ವಾಸ್ ಬೂಟು ಹಾಕಿಕೊಂಡು, ಹತ್ತು ಕೆಜಿಯ ಒಂದು ಪ್ಲೇಟನ್ನು ಸೈಕಲ್ಲಿಗೆ ಕಟ್ಟಿಕೊಂಡು ಮದಕರಿಪುರಕ್ಕೆ ಹೋದೆ.

ಅವರ ಅಣ್ಣನ ಮಗನ ಮನೆ ಊರಾಚೆ. ಸೈಕಲ್ಲನ್ನು ಹುಣಸೆ ಮರಕ್ಕೆ ಒರಗಿಸಿ ಪ್ಲೇಟು ಹೊತ್ತು ನಡೆದೆ. ಕುರಿ ಕೂಡಿಹಾಕುವ ತಡಿಕೆಯ ಪಕ್ಕ ಅಜ್ಜ ಕೂತಿದ್ದರು, ತೊಡೆಯ ಮೇಲೆ ಒಂದು ಮರಿ. ನಾನು ಎರಡು ಮಾರು ದೂರದಲ್ಲಿ ನಿಂತೆ. ಆರು ವರ್ಷದ ಅಭ್ಯಾಸ, 'ಬರ್ರಿ ಸಾರ್' ಅನ್ನುತ್ತಾರೆ ಅಂತ ಕಾದೆ.

"ಯಾರು?" ಅಂದರು.

ನಾನು ಯಾರು ಅಂತ ಹೇಳಬೇಕಾದ ಕಾಲ ಬಂದಿತ್ತು. "ನಾನು," ಅಂದೆ.

ದನಿ ಗುರುತು ಸಿಕ್ಕು ಮುಖ ಎತ್ತಿದರು. "ಸಾರ್. ಚಪ್ಪಲಿ ಎಲ್ಲಿ?"

"ಬೂಟು ಹಾಕಿದ್ದೀನಿ."

"ಅದಕ್ಕೇ ಮತ್ತೆ. ಬರ್ರಿ, ಕುಂತ್ಕಳ್ರಿ."

ಪ್ಲೇಟನ್ನು ಅವರ ಕೈಗಿತ್ತೆ. ಅಂಚು ಸವರಿದರು, ಹೆಬ್ಬೆರಳು ಕಚ್ಚಿನ ಮೇಲೆ ನಿಂತಿತು. ಮರಿಯ ಕಿವಿಯನ್ನೊಮ್ಮೆ, ಕಬ್ಬಿಣವನ್ನೊಮ್ಮೆ ಮುಟ್ಟಿ ನಕ್ಕರು. "ಕಿವಿ ಗುರುತು ಹಾಕೀರಿ."

ಎಂಟು ದಿನದ ಮಾತನ್ನು ಪ್ರಿನ್ಸಿಪಾಲರಿಗೆ ಹೇಳದೆ ನುಂಗಿದ್ದನ್ನು ಆಗ ಹೇಳಿದೆ. ಪೂರ್ತಿ ಹೇಳಿದೆ. ನಾಳೆಯೇ ಹೋಗಿ ಅವರಿಗೂ ಹೇಳುತ್ತೇನೆ, ನೀವು ವಾಪಸ್ ಬನ್ನಿ ಅಂದೆ. ಅಜ್ಜ ಬಹಳ ಹೊತ್ತು ಮರಿಯ ಬೆನ್ನು ಸವರಿದರು.

"ಆ ಹುಡುಗನ ಬೆರಳು?"

"ಒಂದು ಸರಿಹೋಗುತ್ತೆ. ಇನ್ನೊಂದು ಮಡಚಕ್ಕೆ ಬರಲ್ಲ ಅಂದಿದಾರೆ."

"ಅವ್ನು ಗೋಲ್ ಕಾಯೋನು ಸಾರ್." ತಲೆ ಅಲ್ಲಾಡಿಸಿದರು. "ಗುರುತು ಹಾಕಿದ್ರೆ ತೂಕ ಗೊತ್ತಾಗ್ತೈತೆ. ಹುಡುಗ್ರ ಕೈ ಎಲ್ಲೈತೆ, ಕಾಲೆಲ್ಲೈತೆ, ಅದು ಗೊತ್ತಾಗಲ್ಲ. ನಾನು ಮೂರು ವರ್ಷದ ಹಿಂದೇನೇ ಹೇಳ್ಬೇಕಿತ್ತು. ಹೇಳಿದ್ರೆ ಆ ರೂಮು ಹೋಗ್ತಿತ್ತು, ಅದಕ್ಕೆ ಬಾಯಿ ಮುಚ್ಕಂಡಿದ್ದೆ. ನೀವೂ ಮುಚ್ಕಂಡ್ರಿ. ಇಬ್ರದ್ದೂ ಆತು ಬಿಡ್ರಿ." ಆಮೇಲೆ ಅಂದರು, "ನಾನು ಬರಲ್ಲ. ನೀವು ಬರ್ರಿ. ಭಾನುವಾರ ಏನ್ ಮಾಡ್ತೀರ ಅಲ್ಲಿ?"

ಬಸ್ ಸ್ಟ್ಯಾಂಡಿನಲ್ಲಿ ಕೂರುತ್ತೇನೆ ಅಂತ ಹೇಳಲಿಲ್ಲ.

ಸೋಮವಾರ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ಹೇಳಿದೆ, ಬೈಸಿಕೊಂಡೆ. ಗೋಲ್‌ಕೀಪರ್ ಹುಡುಗನ ಮನೆಗೂ ಹೋದೆ. ಅವನು ಆ ವರ್ಷ ಆಡಲಿಲ್ಲ, ಮುಂದೆಯೂ ಗೋಲಿನಲ್ಲಿ ನಿಲ್ಲಲಿಲ್ಲ. ನನ್ನನ್ನು ಕಂಡರೆ ಬೀದಿ ದಾಟುತ್ತಿದ್ದ. ಅವನದು ತಪ್ಪು ಅನ್ನಲಾರೆ.

ಚಮ್ಮಾರನ ಹತ್ತಿರ ಹೊಸ ಚಪ್ಪಲಿ ಹೊಲಿಸಿ ಹಿಮ್ಮಡಿಗೆ ಲಾಳ ಹೊಡೆಸಿದೆ. ಮುಂದಿನ ಭಾನುವಾರ ಹುಣಸೆ ಮರದಿಂದ ಬೇಕಂತಲೇ ಕಾಲು ಊರಿ ಊರಿ ನಡೆದೆ. ತಡಿಕೆಯ ಹತ್ತಿರ ಬಂದರೂ ಅಜ್ಜ ಕತ್ತು ಓರೆ ಮಾಡಿ ಕೇಳುತ್ತಲೇ ಇದ್ದರು.

"ಯಾರು?"

"ನಾನೇ ರೀ. ಲಾಳ ಹೊಡೆಸಿದ್ದೀನಿ."

"ಹೊಸ ತೊಗಲು ಸಾರ್, ಸದ್ದು ಬ್ಯಾರೆ ಐತೆ," ಅಂದರು. "ಇನ್ನೆಲ್ಡು ವಾರ ಬರ್ರಿ. ಕೂಡಿಬರ್ತೈತೆ."

ಅದರ ಮುಂದಿನ ವಾರವೂ ಯಾರು ಅಂದರು. ನನಗೆ ಸಿಟ್ಟು ಬರಲಿಲ್ಲ, ಅದು ನನಗೇ ಆಶ್ಚರ್ಯ. ಎಂಟು ದಿನ ಕೇಳಿದವರಿಗೆ ನಾನು ಒಂದು ದಿನವನ್ನೂ ಕೊಟ್ಟಿರಲಿಲ್ಲ. ಈಗ ಎಷ್ಟು ವಾರ ಬೇಕೋ ತೆಗೆದುಕೊಳ್ಳಲಿ ಅಂತ ಎದುರಿಗೆ ಕೂತು ಪೇಪರು ಓದಿದೆ.

ಹೊಸ ಚಪ್ಪಲಿಯ ಮೂರನೆಯ ಭಾನುವಾರ ಸೈಕಲ್ಲು ಒರಗಿಸಿ ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ. ತಡಿಕೆ ಇನ್ನೂ ದೂರ ಇತ್ತು, ನಾಯಿಯೂ ಬೊಗಳಿರಲಿಲ್ಲ.

"ಬರ್ರಿ ಸಾರ್," ಅಂತ ದನಿ ಬಂತು. "ಕುಂತ್ಕಳ್ರಿ."